ಮೊಬೈಲಿನಲ್ಲಿರುವ ಯುದ್ಧದ ಸಾಕ್ಷಿಯನ್ನು ಹಾಳಾಗದಂತೆ ಎತ್ತಿಡುವುದು ಹೇಗೆ?

ಪಿಟಿಟಿ-20220303-ಡಬ್ಲ್ಯೂಎ0002. ಇದು ಒಂದು ಫೈಲಿನ ಹೆಸರು. 41 ಸೆಕೆಂಡಿನ ವಾಯ್ಸ್ ನೋಟ್. ಹಿಮದ ಮೇಲೆ ಬೂಟು ಕರಕರ ಎನ್ನುವ ಸದ್ದು, ಏದುಸಿರು, ಎಲ್ಲೋ ದೂರದಲ್ಲಿ ಎರಡು ಸಲ ಢಂ ಎಂದ ಹಾಗೆ. ಆಮೇಲೆ ಒಂದು ಹುಡುಗಿಯ ದನಿ, ತುಳುವಿನಲ್ಲಿ: ‘ಅಮ್ಮಾ, ಪೋಡ್ಯೊಡ್ಚಿ.’ ಹೆದರಬೇಡ ಅಂತ.

ಹುಡುಗಿ ನಮ್ಮ ಪಕ್ಕದ ಮನೆಯವಳು. ಉಕ್ರೇನಿನ ಹಾರ್ಕಿವ್‌ನಲ್ಲಿ ಮೆಡಿಕಲ್ ಓದುತ್ತಿದ್ದಳು. 2022ರ ಫೆಬ್ರವರಿ 24ಕ್ಕೆ ರಷ್ಯಾದ ದಾಳಿ ಶುರುವಾಯಿತು. ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಅದೇ ಊರಲ್ಲಿ ಶೆಲ್ ದಾಳಿಗೆ ಬಲಿಯಾದ. ಮರುದಿನ ನಮ್ಮ ರಾಯಭಾರ ಕಚೇರಿ ಹೇಳಿತು: ಕೂಡಲೇ ಹಾರ್ಕಿವ್ ಬಿಡಿ, ಅಲ್ಲಿನ ಸಮಯ ಸಂಜೆ 6ರ ಒಳಗೆ ಪೆಸೋಚಿನ್, ಬಾಬಾಯೆ, ಬೆಜ್ಲುಡೋವ್ಕಾ ತಲುಪಿ, ವಾಹನ ಸಿಗದಿದ್ದರೆ ನಡೆದೇ ಹೋಗಿ. ಆ ನಡಿಗೆಯ ದಿನದ 41 ಸೆಕೆಂಡು ಇದು.

ಈ ಫೈಲು ಹುಡುಗಿಯ ಫೋನಿನಲ್ಲೂ ಇಲ್ಲ, ಅವಳ ಅಮ್ಮನ ಫೋನಿನಲ್ಲೂ ಇಲ್ಲ. ಅವಳ ಫೋನು ದಾರಿಯಲ್ಲಿ ಒಡೆದು, ಊರಿಗೆ ಬಂದ ಮೇಲೆ ಎಕ್ಸ್‌ಚೇಂಜ್ ಆಫರಿನಲ್ಲಿ ಹೋಯಿತು. ಅಮ್ಮ, ಅಂದರೆ ನಾನು ಅಕ್ಕ ಅಂತ ಕರೆಯುವವರು, ‘ಫೋನ್ ಹ್ಯಾಂಗ್ ಆಗ್ತದೆ’ ಅಂತ ಒಂದು ಅಂಗಡಿಗೆ ಕೊಟ್ಟರು. ಅಲ್ಲಿಯ ಹುಡುಗ ಕೇಳದೆಯೇ ರೀಸೆಟ್ ಹೊಡೆದ. ಬಂಕರಿನ ವಿಡಿಯೋ, ಮೆಟ್ರೋ ಸ್ಟೇಷನ್ನಿನಲ್ಲಿ ಮಲಗಿದ್ದ ಫೋಟೋ, ಎಲ್ಲ ಹೋಯಿತು. ಉಳಿದದ್ದು ಅಕ್ಕ ದುಬೈಯಲ್ಲಿರುವ ತಮ್ಮನಿಗೆ ಫಾರ್ವರ್ಡ್ ಮಾಡಿದ್ದ ಹನ್ನೊಂದು ಫೈಲು ಮಾತ್ರ.

ನಾನು ಮಂಗಳೂರಿನ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವನು. ಹಳೇ ಪುಸ್ತಕಕ್ಕೆ ಬೂಷ್ಟು ಹಿಡಿಯದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ. ಈ ಹನ್ನೊಂದು ಫೈಲಿನ ನೆಪದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಡೀ ಲೇಖನ ಓದುವ ಪುರುಸೊತ್ತು ಇಲ್ಲದವರಿಗೆ ಒಂದೇ ಮಾತು: ಮೂಲ ಫೈಲನ್ನು ಮುಟ್ಟಬೇಡಿ, ಅದು ಯಾರ ಕೈಯಿಂದ ಯಾರ ಕೈಗೆ ಬಂತು ಅಂತ ಬರೆದಿಡಿ.

ನಮ್ಮ ಮನೆಯಲ್ಲಿ ಎಂಥ ಯುದ್ಧದ ಸಾಕ್ಷಿ?

ಹೀಗೆ ಕೇಳುವವರು ಜಾಸ್ತಿ. ಕರಾವಳಿಯ ಮನೆಗಳನ್ನು ಒಮ್ಮೆ ಎಣಿಸಿ ನೋಡಿ. 1990ರ ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿದಾಗ ಅಲ್ಲಿ ಸಿಕ್ಕಿಹಾಕಿಕೊಂಡವರಲ್ಲಿ ಮಂಗಳೂರು, ಉಡುಪಿ, ಕುಂದಾಪುರದವರು ಎಷ್ಟು ಮಂದಿ! ಜೋರ್ಡಾನಿನ ಅಮ್ಮಾನ್‌ನಿಂದ ಏರ್ ಇಂಡಿಯಾ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಮುಂಬೈಗೆ ತಂದಿತು. 2015ರಲ್ಲಿ ಯೆಮೆನ್. 2023ರ ಏಪ್ರಿಲ್‌ನಲ್ಲಿ ಸುಡಾನ್. ಹಡಗಿನಲ್ಲಿ ಕೆಲಸ ಮಾಡುವವರಂತೂ ಬೀದಿಗೆ ಒಬ್ಬರಾದರೂ ಇದ್ದಾರೆ.

ಹಡಗು ಅಂದಾಗ ನೆನಪಾಯಿತು. 2023ರ ಡಿಸೆಂಬರ್ 23ರಂದು ಅರಬ್ಬಿ ಸಮುದ್ರದಲ್ಲಿ, ಗುಜರಾತ್ ತೀರದಿಂದ ದೂರದಲ್ಲಿ, ಕೆಮ್ ಪ್ಲೂಟೋ ಎಂಬ ಟ್ಯಾಂಕರಿಗೆ ಡ್ರೋನ್ ಬಡಿಯಿತು. ಸೌದಿಯಿಂದ ಕಚ್ಚಾತೈಲ ಹೊತ್ತು ಅದು ಬರುತ್ತಿದ್ದದ್ದು ನಮ್ಮ ಪಣಂಬೂರಿನ ಬಂದರಿಗೆ. ಡ್ರೋನ್ ಇರಾನಿನಿಂದ ಬಂತು ಎಂದಿತು ಅಮೆರಿಕ. ನಮ್ಮದಲ್ಲ ಎಂದಿತು ಇರಾನ್. ಇಂಥ ಜಗಳ ಬಗೆಹರಿಯಬೇಕಾದರೆ ಯಾರ ಭಾಷಣವೂ ಸಾಕಾಗುವುದಿಲ್ಲ. ಹಡಗಿನ ಸಿಬ್ಬಂದಿ ತೆಗೆದ ಫೋಟೋ, ಸಿಕ್ಕ ಚೂರು, ಹಡಗು ಎಲ್ಲಿತ್ತು ಎಂಬ ದಾಖಲೆ ಬೇಕು.

ಮೊಬೈಲ್ ವಿಡಿಯೋ ಕೋರ್ಟಿನವರೆಗೆ ಹೋಗುತ್ತದಾ? ಹೋಗಿದೆ. 2017ರ ಆಗಸ್ಟ್‌ನಲ್ಲಿ ಹೇಗ್‌ನ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟು ಲಿಬಿಯಾದ ಕಮಾಂಡರ್ ಮಹಮೂದ್ ಅಲ್-ವೆರ್ಫಲ್ಲಿ ವಿರುದ್ಧ ವಾರಂಟ್ ಹೊರಡಿಸಿತು. ಏಳು ಘಟನೆ, 33 ಮಂದಿಯ ಹತ್ಯೆಯ ಆರೋಪ. ಅದಕ್ಕೆ ಮುಖ್ಯ ಆಧಾರ ಸೋಷಿಯಲ್ ಮೀಡಿಯಾದಲ್ಲಿ ಹರಿದಾಡಿದ್ದ ವಿಡಿಯೋಗಳೇ. ಅವನು ವಿಚಾರಣೆಗೆ ಸಿಗಲಿಲ್ಲ, 2021ರಲ್ಲಿ ಬೆಂಗಾಜಿಯಲ್ಲಿ ಯಾರೋ ಗುಂಡಿಟ್ಟು ಕೊಂದರು. ಆದರೆ ವಿಡಿಯೋ ಆಧರಿಸಿ ವಾರಂಟ್ ಹೊರಟದ್ದು ದಾಖಲೆಯಲ್ಲಿ ಉಳಿಯಿತು.

ಅಕ್ಕನ ಮನೆಯ ಹನ್ನೊಂದು ಫೈಲು ಹೇಗ್‌ಗೆ ಹೋಗುತ್ತವೆ ಅಂತ ನಾನು ಹೇಳುತ್ತಿಲ್ಲ. ಹೋಗಲಿಕ್ಕಿಲ್ಲ. ಮೊಮ್ಮಕ್ಕಳು ಕೇಳಿದರೆ ಸಾಕು ಅಂತ ಅಕ್ಕ ಹೇಳುತ್ತಾರೆ. ಎರಡಕ್ಕೂ ಎತ್ತಿಡುವ ಕ್ರಮ ಒಂದೇ.

ಮೊದಲ ಕೆಲಸ: ಫೋನಿನ ಬಾಗಿಲು ಹಾಕಿ

ಫೈಲು ಇಳಿಸಿಕೊಳ್ಳುವ ಮೊದಲು, ಇರುವುದು ಹೋಗದ ಹಾಗೆ ನೋಡಿ. ವಾಟ್ಸಾಪಿನಲ್ಲಿ ಮೆಸೇಜ್ ತಾನಾಗಿ ಅಳಿಸಿ ಹೋಗುವ ಸೆಟ್ಟಿಂಗ್ ಆನ್ ಇದ್ದರೆ ಆಫ್ ಮಾಡಿ. ‘ಸ್ಟೋರೇಜ್ ಫುಲ್’ ಎಂದು ಬಂದರೆ ಕ್ಲೀನರ್ ಆ್ಯಪ್ ಒತ್ತಬೇಡಿ, ಬೇಕಿದ್ದರೆ ಸಿನಿಮಾ ಅಳಿಸಿ. ಹಳೇ ಫೋನನ್ನು ಎಕ್ಸ್‌ಚೇಂಜಿಗೆ ಕೊಡಬೇಡಿ. ಎರಡು ಸಾವಿರ ರೂಪಾಯಿ ರಿಯಾಯಿತಿಗೆ ಹೋದ ಯುದ್ಧ ಎಷ್ಟೋ.

ರಿಪೇರಿಗೆ ಕೊಡುವುದೇ ಆದರೆ ‘ಡೇಟಾ ಬೇಕು, ರೀಸೆಟ್ ಮಾಡಬಾರದು’ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಬಾಯಲ್ಲಿ ಹೇಳಿದರೆ ಕೌಂಟರಿನಲ್ಲಿರುವವನಿಗೆ ಗೊತ್ತಿರುತ್ತದೆ, ಒಳಗೆ ಬೆಸುಗೆ ಹಾಕುವವನಿಗೆ ಗೊತ್ತಿರುವುದಿಲ್ಲ.

ಎರಡನೆಯದು: ಕೇಬಲ್ ಹಾಕಿ ಇಳಿಸಿ

‘ನನಗೆ ವಾಟ್ಸಾಪ್ ಮಾಡಿ, ನಾನು ಸೇವ್ ಮಾಡಿಡ್ತೇನೆ’ ಅಂತ ನಾನೂ ಮೊದಲು ಹೇಳುತ್ತಿದ್ದೆ. ತಪ್ಪು. ಫೋಟೋವನ್ನು ಫೋಟೋ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಹಿಂಡಿ ಸಣ್ಣದು ಮಾಡುತ್ತದೆ. ಯಾವಾಗ ತೆಗೆದದ್ದು, ಯಾವ ಫೋನಿನಲ್ಲಿ, ಯಾವ ಜಾಗದಲ್ಲಿ ಎಂಬ ಒಳಗಿನ ಮಾಹಿತಿಯನ್ನೂ ಕಿತ್ತು ಹಾಕುತ್ತದೆ. ಆ ಮಾಹಿತಿಗೆ ಮೆಟಾಡೇಟಾ ಎನ್ನುತ್ತಾರೆ. ಅದು ಹೋದರೆ ಫೋಟೋ ಅನಾಥ.

ಆದ್ದರಿಂದ ಯುಎಸ್‌ಬಿ ಕೇಬಲ್ ಹಾಕಿ, ಫೋನಿನಲ್ಲಿ ‘ಫೈಲ್ ಟ್ರಾನ್ಸ್‌ಫರ್’ ಆರಿಸಿ, ಕಂಪ್ಯೂಟರಿಗೆ ಕಾಪಿ ಮಾಡಿ. ಕಟ್ ಮಾಡಬೇಡಿ, ಕಾಪಿ. ಕ್ಯಾಮೆರಾದಲ್ಲಿ ತೆಗೆದದ್ದು ಡಿಸಿಐಎಂ ಫೋಲ್ಡರಿನಲ್ಲಿ ಸಿಗುತ್ತದೆ. ವಾಟ್ಸಾಪಿನದ್ದು ಹೊಸ ಆಂಡ್ರಾಯ್ಡ್ ಫೋನುಗಳಲ್ಲಿ ಸ್ವಲ್ಪ ಒಳಗೆ ಅಡಗಿದೆ: ಇಂಟರ್ನಲ್ ಸ್ಟೋರೇಜ್, ಅದರಲ್ಲಿ ಆಂಡ್ರಾಯ್ಡ್, ಅದರಲ್ಲಿ ಮೀಡಿಯಾ, ಅದರಲ್ಲಿ ವಾಟ್ಸಾಪಿನ ಫೋಲ್ಡರ್, ಅದರೊಳಗೆ ಮತ್ತೊಂದು ಮೀಡಿಯಾ. ವಾಯ್ಸ್ ನೋಟುಗಳು ವಾರಕ್ಕೊಂದರಂತೆ ಸಣ್ಣ ಸಣ್ಣ ಫೋಲ್ಡರಿನಲ್ಲಿ ಕೂತಿರುತ್ತವೆ. ಗಾಬರಿ ಬೇಡ, ಇಡೀ ಮೀಡಿಯಾ ಫೋಲ್ಡರನ್ನೇ ಎತ್ತಿಕೊಳ್ಳಿ. ಮದುವೆ ಕಾಗದ, ಗುಡ್ ಮಾರ್ನಿಂಗ್ ಹೂವು ಎಲ್ಲ ಬರುತ್ತದೆ, ಬರಲಿ. ಆಮೇಲೆ ಬೇರೆ ಮಾಡಬಹುದು.

ಐಫೋನ್ ಆದರೆ ಎರಡು ಸೆಟ್ಟಿಂಗ್ ನೋಡಿ. ಐಕ್ಲೌಡಿನಲ್ಲಿ ಜಾಗ ಉಳಿಸುವ ಆಯ್ಕೆ ಇದ್ದರೆ ಫೋನಿನಲ್ಲಿ ಇರುವುದು ಸಣ್ಣ ಪ್ರತಿ ಮಾತ್ರ. ಮೂಲವನ್ನೇ ಡೌನ್‌ಲೋಡ್ ಮಾಡುವ ಆಯ್ಕೆಗೆ ಬದಲಿಸಿ. ಹಾಗೆಯೇ ಕಂಪ್ಯೂಟರಿಗೆ ಕಳಿಸುವಾಗ ‘ಕೀಪ್ ಒರಿಜಿನಲ್ಸ್’ ಇರಲಿ. ಗೂಗಲ್ ಫೋಟೋಸ್ ಬಳಸುವವರು ‘ಸ್ಟೋರೇಜ್ ಸೇವರ್’ ಬಿಟ್ಟು ‘ಒರಿಜಿನಲ್ ಕ್ವಾಲಿಟಿ’ಗೆ ಬನ್ನಿ.

ದೂರದವರಿಂದ ತರಿಸಬೇಕಾದರೆ? ದುಬೈಯ ತಮ್ಮನಿಗೆ ನಾನು ಹೇಳಿದ್ದು ಇಷ್ಟೇ: ಫೈಲುಗಳನ್ನೆಲ್ಲ ಒಂದು ಜಿಪ್, ಅಂದರೆ ಒಂದೇ ಕಟ್ಟು ಮಾಡಿ, ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಡಾಕ್ಯುಮೆಂಟ್ ಆಗಿ ಹೋದದ್ದನ್ನು ಅದು ಹಿಂಡುವುದಿಲ್ಲ.

ಬರೀ ಫೈಲು ಸಾಲದು, ಮಾತುಕತೆಯೂ ಬೇಕು. ಆ ಚಾಟ್ ತೆರೆದು ‘ಎಕ್ಸ್‌ಪೋರ್ಟ್ ಚಾಟ್’ ಕೊಡಿ. ಯಾರು ಯಾವ ಹೊತ್ತಿಗೆ ಏನು ಹೇಳಿದರು ಎಂಬುದು ಅಕ್ಷರದ ಫೈಲಾಗಿ ಬರುತ್ತದೆ. ತುಂಬ ಉದ್ದದ ಚಾಟ್ ಆದರೆ ಹಳೆಯದು ಪೂರ್ತಿ ಬರುವುದಿಲ್ಲ, ಹಾಗಾಗಿ ಯುದ್ಧದ ದಿನಗಳ ಭಾಗವನ್ನು ಇನ್ನೊಂದು ಫೋನಿನಿಂದ ಫೋಟೋ ಹೊಡೆದಿಡಿ. ಸ್ಕ್ರೀನ್‌ಶಾಟಿಗಿಂತ ಇದು ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಫೋನು, ಅದನ್ನು ಹಿಡಿದ ಕೈ, ಹಿಂದಿನ ಮೇಜು ಎಲ್ಲ ಕಾಣುತ್ತದಲ್ಲ.

ಮೂರನೆಯದು: ಎರಡು ಫೋಲ್ಡರ್, ಮಧ್ಯೆ ಗೋಡೆ

ಒಂದಕ್ಕೆ ‘ಮೂಲ’, ಇನ್ನೊಂದಕ್ಕೆ ‘ಕೆಲಸ’ ಅಂತ ಹೆಸರಿಡಿ. ಇಳಿಸಿದ್ದು ಮೊದಲು ಮೂಲಕ್ಕೆ ಹೋಗಲಿ. ಅಲ್ಲಿಂದ ಒಂದು ಕಾಪಿ ಕೆಲಸಕ್ಕೆ. ಕತ್ತರಿಸುವುದು, ತಿರುಗಿಸುವುದು, ಹೆಸರು ಬದಲಿಸುವುದು ಎಲ್ಲ ಕೆಲಸದ ಫೋಲ್ಡರಿನಲ್ಲಿ. ಮೂಲದ ಫೋಲ್ಡರನ್ನು ‘ರೀಡ್ ಓನ್ಲಿ’ ಮಾಡಿ.

ನಾನು ಇದನ್ನು ಕಲಿತದ್ದು ಎಡವಿಯೇ. ಹನ್ನೊಂದರಲ್ಲಿ ಒಂದು ವಿಡಿಯೋ ಅಡ್ಡಡ್ಡ ಇತ್ತು. ನೋಡಲು ಕಷ್ಟ ಅಂತ ತಿರುಗಿಸಿ ಸೇವ್ ಮಾಡಿದೆ. ಫೈಲಿನ ತಾರೀಕು ಆ ದಿನದ್ದಾಗಿ ಬದಲಾಯಿತು. ತಮ್ಮನಿಂದ ಮತ್ತೆ ತರಿಸಬೇಕಾಯಿತು.

ಇನ್ನೊಂದು ಮಾತು. ಮಸುಕಾದ ಫೋಟೋವನ್ನು ಎಐ ಹಾಕಿ ಚೊಕ್ಕ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಅದು ಇರುವುದನ್ನು ತೋರಿಸುವುದಿಲ್ಲ, ಇರಬಹುದಾದದ್ದನ್ನು ಬಿಡಿಸುತ್ತದೆ. ಮಸುಕು ಮಸುಕಾಗಿಯೇ ಇರಲಿ.

ನಾಲ್ಕನೆಯದು: ಫೈಲಿನ ಬೆರಳಚ್ಚು

ಹೆಸರು ಕೇಳಿದರೆ ಇಂಜಿನಿಯರುಗಳ ಕೆಲಸ ಅನಿಸುತ್ತದೆ. ಅಷ್ಟೇನೂ ಇಲ್ಲ. ಪ್ರತಿ ಫೈಲಿಗೂ ಒಂದು ಹ್ಯಾಶ್, ಅಂದರೆ ಫೈಲಿನೊಳಗೆ ಇರುವುದನ್ನೆಲ್ಲ ಲೆಕ್ಕ ಹಾಕಿ ಕಂಪ್ಯೂಟರ್ ಕೊಡುವ ಗುರುತು, ತೆಗೆಯಬಹುದು. ಎಸ್‌ಎಚ್‌ಎ-256 ಎಂಬ ಬಗೆಯದ್ದು ಆದರೆ 64 ಅಕ್ಷರ-ಅಂಕಿಗಳ ಒಂದು ಸಾಲು. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ.

ವಿಂಡೋಸ್ ಕಂಪ್ಯೂಟರಿನಲ್ಲಿ ಸೆವೆನ್-ಜಿಪ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಅದರ ಮೆನುವಿನಲ್ಲಿ ಎಸ್‌ಎಚ್‌ಎ-256 ಸಿಗುತ್ತದೆ. ಬಂದ ಸಾಲನ್ನು ಕಾಪಿ ಮಾಡಿ, ಮುಂದೆ ಹೇಳುವ ರಿಜಿಸ್ಟರಿಗೆ ಹಾಕಿ. ನಂಬಿಕೆ ಬರದಿದ್ದರೆ ಒಂದು ಆಟ ಆಡಿ ನೋಡಿ. ನಿಮ್ಮ ಬೆಕ್ಕಿನ ಫೋಟೋಕ್ಕೆ ಹ್ಯಾಶ್ ತೆಗೆಯಿರಿ. ಆ ಫೋಟೋದ ಮೂಲೆಯಲ್ಲಿ ಒಂದು ಚುಕ್ಕಿ ಇಟ್ಟು ಸೇವ್ ಮಾಡಿ, ಮತ್ತೆ ತೆಗೆಯಿರಿ. ಎರಡು ಸಾಲನ್ನು ಪಕ್ಕಪಕ್ಕ ಇಟ್ಟರೆ ಒಂದೇ ಬೆಕ್ಕಿನದ್ದು ಅಂತ ಯಾರೂ ಹೇಳಲಾರರು.

ಆದರೆ ಹ್ಯಾಶ್ ಹೇಳುವುದು ಇಷ್ಟೇ: ‘ಈ ಸಾಲು ಬರೆದ ದಿನದಿಂದ ಈ ಫೈಲನ್ನು ಯಾರೂ ಮುಟ್ಟಿಲ್ಲ.’ ಅದಕ್ಕೆ ಮೊದಲು ಏನಾಯಿತು ಅಂತ ಅದಕ್ಕೆ ಗೊತ್ತಿಲ್ಲ. ಸುಳ್ಳು ವಿಡಿಯೋಕ್ಕೂ ಚಂದದ ಹ್ಯಾಶ್ ಬರುತ್ತದೆ. ಅದಕ್ಕೇ ಫೋಟೋ ತೆಗೆಯುವ ಕ್ಷಣದಲ್ಲೇ ಹ್ಯಾಶ್ ಹಾಕುವ ಆ್ಯಪ್‌ಗಳು ಬಂದಿವೆ. ಅಂತರರಾಷ್ಟ್ರೀಯ ವಕೀಲರ ಸಂಘ 2015ರಲ್ಲಿ ಐವಿಟ್ನೆಸ್ ಎಂಬ ಆ್ಯಪ್ ಬಿಟ್ಟಿತು. ಅದರಲ್ಲಿ ತೆಗೆದ ಫೋಟೋಗಳು 2018ರಲ್ಲಿ ಕಾಂಗೋದ ಬುಕಾವುವಿನಲ್ಲಿ ನಡೆದ ವಿಚಾರಣೆಯಲ್ಲಿ ಸಾಕ್ಷಿಯಾಗಿ ನಿಂತವು, ಇಬ್ಬರು ಕಮಾಂಡರುಗಳಿಗೆ ಶಿಕ್ಷೆಯಾಯಿತು. ನಿಮ್ಮ ಮನೆಯವರು ಈಗಲೂ ಗಲಾಟೆಯ ಜಾಗದಲ್ಲಿ ಕೆಲಸಕ್ಕಿದ್ದರೆ ಪ್ರೂಫ್‌ಮೋಡ್ ಎಂಬ ಉಚಿತ ಆ್ಯಪ್ ಹಾಕಿಕೊಳ್ಳಲು ಹೇಳಬಹುದು. ಆದರೆ ಅಂಥ ಆ್ಯಪ್ ಫೋನಿನಲ್ಲಿ ಸಿಕ್ಕಿದರೇ ತೊಂದರೆಯಾಗುವ ದೇಶಗಳೂ ಉಂಟು. ಜೀವಕ್ಕಿಂತ ಫೋಟೋ ದೊಡ್ಡದಲ್ಲ.

ಐದನೆಯದು: ರಿಜಿಸ್ಟರ್

ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ, ಎಲ್ಲರೂ ಬಿಡುವುದೂ ಇದನ್ನೇ. ಎಕ್ಸೆಲ್ ಬರುವವರು ಎಕ್ಸೆಲ್ ಬಳಸಿ. ಬರದಿದ್ದರೆ ಹಾಲಿನ ಲೆಕ್ಕ ಬರೆಯುವಂಥ ಉದ್ದ ಪುಸ್ತಕ ಸಾಕು. ನಾನು ಎರಡರಲ್ಲೂ ಬರೆಯುತ್ತೇನೆ, ಪುಸ್ತಕಕ್ಕೆ ವೈರಸ್ ಬರುವುದಿಲ್ಲ.

ಆ 41 ಸೆಕೆಂಡಿನ ವಾಯ್ಸ್ ನೋಟಿಗೆ ನಾವು ಬರೆದದ್ದು ಹೀಗಿದೆ:

‘ಸಂಖ್ಯೆ 7. ವಾಯ್ಸ್ ನೋಟ್, 41 ಸೆಕೆಂಡು, ಭಾಷೆ ತುಳು. ಮಾತಾಡಿದವಳು: ಮಗಳು. ಎಲ್ಲಿಂದ: ಹಾರ್ಕಿವ್‌ನಿಂದ ಪೆಸೋಚಿನ್ ಕಡೆಗೆ ನಡೆಯುವ ದಾರಿ, ಅವಳೇ ಹೇಳಿದ್ದು. ಮೊದಲು ಬಂದದ್ದು: ತಾಯಿಯ ಫೋನಿಗೆ. ಆ ಫೋನು ರೀಸೆಟ್ ಆಗಿದೆ, ಮೂಲ ಇಲ್ಲ. ಎರಡನೇ ಕೈ: ದುಬೈಯ ತಮ್ಮ. ಮೂರನೇ ಕೈ: ನಾನು, ಜಿಪ್ ಮೂಲಕ. ಹೊರಗೆ ಯಾರಿಗೂ ಕೊಟ್ಟಿಲ್ಲ. ಖಚಿತವಲ್ಲದ್ದು: ಹಿಂದೆ ಕೇಳುವ ಶಬ್ದ ಯಾವುದರದ್ದು ಎಂದು ಗೊತ್ತಿಲ್ಲ.’

ಕೊನೆಯ ಸಾಲು ನೋಡಿ. ‘ಬಾಂಬಿನ ಶಬ್ದ’ ಅಂತ ಬರೆಯಲು ಕೈ ತುರಿಸಿತು. ಕೇಳಿದವರೆಲ್ಲ ಹಾಗೇ ಹೇಳುತ್ತಾರೆ. ಆದರೆ ನಾವು ಕೇಳಿದ್ದು ಶಬ್ದ ಮಾತ್ರ. ಕೇಳಿದ್ದನ್ನು ಒಂದು ಕಾಲಂನಲ್ಲಿ, ಊಹೆಯನ್ನು ಬೇರೆ ಕಾಲಂನಲ್ಲಿ ಬರೆಯಿರಿ. ಮುಂದೆ ಯಾರಾದರೂ ಪರೀಕ್ಷೆ ಮಾಡುವಾಗ ಒಂದು ಊಹೆ ತಪ್ಪಾಗಿ ಕಂಡರೆ ಉಳಿದ ಹತ್ತು ಸತ್ಯವನ್ನೂ ಅನುಮಾನಿಸುತ್ತಾರೆ.

ಸಂಖ್ಯೆ ಹಾಕುವುದು ಎಷ್ಟು ದೊಡ್ಡ ವಿಷಯ ಅಂತ ತಿಳಿಯಬೇಕಾದರೆ ಸಿರಿಯಾದ ಕಥೆ ಕೇಳಿ. ಅಲ್ಲಿನ ಸೇನೆಯ ಒಬ್ಬ ಫೋಟೋಗ್ರಾಫರ್, ‘ಸೀಸರ್’ ಎಂಬ ಗುಪ್ತನಾಮದವನು, 2013ರಲ್ಲಿ 50 ಸಾವಿರಕ್ಕೂ ಹೆಚ್ಚು ಫೋಟೋಗಳನ್ನು ದೇಶದಿಂದ ಹೊರಗೆ ಸಾಗಿಸಿದ. ಬಂಧನದಲ್ಲಿ ಸತ್ತವರ ದೇಹಗಳು. ದೇಹದ ಮೇಲೆ ಅಥವಾ ಪಕ್ಕದ ಚೀಟಿಯಲ್ಲಿ ನಂಬರು. ಕೊಂದವರೇ ಕಚೇರಿಯ ಲೆಕ್ಕಕ್ಕೆ ಬರೆದ ಆ ನಂಬರುಗಳೇ ಆಮೇಲೆ ಅವರಿಗೆ ಮುಳುವಾದವು. ಜರ್ಮನಿಯ ಕೊಬ್ಲೆಂಜ್ ಕೋರ್ಟು 2022ರ ಜನವರಿಯಲ್ಲಿ ಸಿರಿಯಾದ ಮಾಜಿ ಗುಪ್ತಚರ ಅಧಿಕಾರಿಗೆ ಜೀವಾವಧಿ ಶಿಕ್ಷೆ ಕೊಟ್ಟ ಮೊಕದ್ದಮೆಯಲ್ಲಿ ಈ ಫೋಟೋಗಳೂ ಸಾಕ್ಷಿಯಾಗಿದ್ದವು.

ತುಳು, ಕೊಂಕಣಿ, ಬ್ಯಾರಿ ಮಾತಾಡುವ ನಮಗೆ ಇನ್ನೊಂದು ಕೆಲಸ ಜಾಸ್ತಿ ಇದೆ. ವಾಯ್ಸ್ ನೋಟನ್ನು ಕೇಳಿ ಬರೆದುಕೊಳ್ಳುವ ಯಂತ್ರಗಳಿಗೆ ಈ ಭಾಷೆಗಳನ್ನು ಕೊಟ್ಟರೆ ಏನೇನೋ ಬರೆಯುತ್ತವೆ. ಕೈಯಲ್ಲೇ ಬರೆಯಬೇಕು. ಮೊದಲು ಆಡಿದ ಮಾತು ಆಡಿದ ಹಾಗೆಯೇ ಕನ್ನಡ ಲಿಪಿಯಲ್ಲಿ, ಕೆಳಗೆ ಕನ್ನಡ ಅರ್ಥ. ‘ಪೋಡ್ಯೊಡ್ಚಿ’ಯನ್ನು ನೇರವಾಗಿ ‘ಹೆದರಬೇಡ’ ಮಾಡಿ ಮೂಲವನ್ನು ಬಿಟ್ಟರೆ ಅವಳ ದನಿ ಅರ್ಧ ಹೋಯಿತು. ನಿಟ್ಟುಸಿರು, ಅಳು, ಸುಮ್ಮನಿದ್ದ ಹೊತ್ತು, ಅದನ್ನೂ ಎಷ್ಟು ಸೆಕೆಂಡು ಅಂತ ಬರೆಯಿರಿ.

ಗಡಿಯಾರದ ಗಂಟು

ಫೈಲಿನ ಹೆಸರಿನಲ್ಲಿ 20220303 ಇದೆ. ಅಂದರೆ ಮಾರ್ಚ್ 3. ಆದರೆ ಅವಳು ನಡೆದದ್ದು ಮಾರ್ಚ್ 2ಕ್ಕೆ ಅಲ್ವಾ? ನಾನು ಎರಡು ದಿನ ತಲೆ ಕೆಡಿಸಿಕೊಂಡೆ.

ಗಂಟು ಬಿಚ್ಚಿದ್ದು ಅಕ್ಕನ ಅಡುಗೆಮನೆಯ ಕ್ಯಾಲೆಂಡರ್. ನಮ್ಮ ಕಡೆ ಗ್ಯಾಸ್ ಬಂದ ದಿನ, ಹಾಲಿನವ ಬಾರದ ದಿನ ಎಲ್ಲ ಅದರಲ್ಲೇ ಬರೆಯುವುದಲ್ಲವೇ? ಮಾರ್ಚ್ 2ರ ಚೌಕದಲ್ಲಿ ಪೆನ್ಸಿಲಿನಲ್ಲಿ: ‘ರಾತ್ರಿ 11-10. ಮಾತು ಬಂತು.’ ಚಳಿಗಾಲದಲ್ಲಿ ಉಕ್ರೇನ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಂದರೆ ಅಲ್ಲಿ ಸಂಜೆ 7.40. ಅಕ್ಕ ಅದನ್ನು ಹತ್ತು ಸಲ ಕೇಳಿ, ಅತ್ತು, ತಮ್ಮನಿಗೆ ಕಳಿಸುವಾಗ ನಮ್ಮಲ್ಲಿ ರಾತ್ರಿ 1.45. ದುಬೈ ಒಂದೂವರೆ ಗಂಟೆ ಹಿಂದೆ, ಅಲ್ಲಿ 12.15. ತಾರೀಕು ಆಗಷ್ಟೇ 3ಕ್ಕೆ ಉರುಳಿತ್ತು. ವಾಟ್ಸಾಪ್ ಆ ಫೋನಿಗೆ ಬಂದ ದಿನವನ್ನು ಹೆಸರಿಗೆ ಅಂಟಿಸಿತು, ಮಾತಾಡಿದ ದಿನವನ್ನಲ್ಲ.

ಹಾಗಾಗಿ ಪ್ರತಿ ಸಮಯದ ಪಕ್ಕ ಅದು ಯಾವ ಊರಿನ ಗಡಿಯಾರ ಅಂತ ಬರೆಯಿರಿ. ಚಾಟಿನಲ್ಲಿ ಕಾಣುವ ಸಮಯ ಆ ಫೋನು ಈಗ ಇರುವ ಊರಿನದ್ದು. ಇಂಥ ಕ್ಯಾಲೆಂಡರ್ ಹಾಳೆ, ರೈಲಿನ ಟಿಕೆಟ್, ಪಾಸ್‌ಪೋರ್ಟಿನ ಸೀಲು, ವಿಮಾನದ ಬೋರ್ಡಿಂಗ್ ಪಾಸ್, ಎಲ್ಲ ಎತ್ತಿಡಿ. ಡಿಜಿಟಲ್ ಸಾಕ್ಷಿಗೆ ಊರುಗೋಲು ಈ ಕಾಗದಗಳು.

ನೆಟ್ಟಿನಲ್ಲಿರುವುದು ನಾಳೆ ಇರುವುದಿಲ್ಲ

ಯುದ್ಧದ ವಿಡಿಯೋ ಯೂಟ್ಯೂಬಿನಲ್ಲಿ ಇದೆಯಲ್ಲ, ಸಾಕು ಅಂದುಕೊಳ್ಳಬೇಡಿ. 2017ರಲ್ಲಿ ಉಗ್ರವಾದದ ವಿಡಿಯೋ ತೆಗೆಯಲು ಯೂಟ್ಯೂಬ್ ಯಂತ್ರ ಕೂರಿಸಿದಾಗ, ಸಿರಿಯಾದ ದಾಳಿಗಳನ್ನು ದಾಖಲಿಸಿದ್ದ ಸಾವಿರಾರು ವಿಡಿಯೋಗಳೂ ಅದರ ಜತೆ ಹೋದವು. ರಕ್ತ ಕಂಡರೆ ಯಂತ್ರಕ್ಕೆ ಒಂದೇ ಲೆಕ್ಕ, ಮಾಡಿದವನ ವಿಡಿಯೋನಾ, ಸಾಕ್ಷಿಯದ್ದಾ ಅಂತ ತಿಳಿಯುವುದಿಲ್ಲ. ಸಿರಿಯನ್ ಆರ್ಕೈವ್ ಎಂಬ ತಂಡ 2014ರಿಂದ ಬೇರೆ ಕಡೆ ಪ್ರತಿ ಇಡುತ್ತಾ ಬಂದದ್ದರಿಂದ ಒಂದಷ್ಟು ಉಳಿಯಿತು.

2014ರ ಜುಲೈ 17ರಂದು ಉಕ್ರೇನಿನ ಆಕಾಶದಲ್ಲಿ ಮಲೇಷ್ಯಾದ ಎಂಎಚ್17 ವಿಮಾನವನ್ನು ಹೊಡೆದುರುಳಿಸಿದರು, 298 ಮಂದಿ ಸತ್ತರು. ಅಲ್ಲಿನ ರಷ್ಯಾ ಪರ ಬಂಡುಕೋರರ ನಾಯಕನೊಬ್ಬನ ಹೆಸರಿನ ಪುಟದಲ್ಲಿ ಅದೇ ಹೊತ್ತಿಗೆ ‘ಒಂದು ಸರಕು ವಿಮಾನ ಉರುಳಿಸಿದೆವು’ ಎಂಬ ಅರ್ಥದ ಪೋಸ್ಟ್ ಬಂದಿತ್ತು. ಪ್ರಯಾಣಿಕರ ವಿಮಾನ ಅಂತ ಗೊತ್ತಾದ ಮೇಲೆ ಅದು ಮಾಯ. ಅಷ್ಟರಲ್ಲಿ ನೆಟ್ಟಿನ ಪುಟಗಳ ಪ್ರತಿ ಎತ್ತಿಡುವ ಇಂಟರ್ನೆಟ್ ಆರ್ಕೈವಿನ ವೇಬ್ಯಾಕ್ ಮಷೀನ್ ಅದರ ಪ್ರತಿ ತೆಗೆದಿತ್ತು.

ನೀವೂ ಮಾಡಬಹುದು. ವೇಬ್ಯಾಕ್ ಮಷೀನಿನಲ್ಲಿ ‘ಸೇವ್ ಪೇಜ್ ನೌ’ ಇದೆ, ಪುಟದ ಲಿಂಕ್ ಅಂಟಿಸಿ ಒತ್ತಿ. ಲಾಗಿನ್ ಬೇಡುವ ಪುಟ, ವಿಡಿಯೋ ಇವೆಲ್ಲ ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ಅದಕ್ಕೆ ಲಿಂಕು, ಹಾಕಿದವರ ಖಾತೆಯ ಹೆಸರು, ಹಾಕಿದ ಸಮಯ, ನೀವು ನೋಡಿದ ಸಮಯ ಬರೆದು, ವಿಡಿಯೋದ ಪ್ರತಿಯನ್ನೂ ಇಳಿಸಿಕೊಳ್ಳಿ. ಕೆಳಗಿನ ಕಮೆಂಟುಗಳ ಸಮೇತ ಸ್ಕ್ರೀನ್‌ಶಾಟ್ ತೆಗೆಯಿರಿ. ‘ಇದು ನಮ್ಮ ಬೀದಿ’ ಅಂತ ಗುರುತು ಹೇಳಿದವರು ಎಷ್ಟೋ ಸಲ ಅಲ್ಲೇ ಇರುತ್ತಾರೆ.

ಸುಳ್ಳು ಸರಕಿನ ಬಗ್ಗೆ ಎರಡು ಮಾತು. 2025ರ ಮೇ ತಿಂಗಳಲ್ಲಿ ಭಾರತ-ಪಾಕಿಸ್ತಾನದ ಸಂಘರ್ಷ ನಡೆದ ಆ ನಾಲ್ಕು ದಿನ ನಮ್ಮ ಫ್ಯಾಮಿಲಿ ಗ್ರೂಪಿಗೆ ಬಂದ ವಿಡಿಯೋಗಳಲ್ಲಿ ವಿಡಿಯೋಗೇಮಿನ ದೃಶ್ಯವೂ ಇತ್ತು, 2020ರ ಬೈರೂತ್ ಬಂದರಿನ ಸ್ಫೋಟವೂ ಇತ್ತು. ಬೈರೂತಿನದ್ದನ್ನು ನಾನೇ ಎರಡು ಕಡೆ ಕಳಿಸಿದ್ದೆ, ನಾಚಿಕೆಯಾಯಿತು. ವಿಡಿಯೋವನ್ನು ನಿಲ್ಲಿಸಿ ಒಂದು ಚಿತ್ರ ತೆಗೆದು ಗೂಗಲ್ ಲೆನ್ಸಿನಲ್ಲಿ ಹುಡುಕಿ. ಅಂಗಡಿ ಬೋರ್ಡಿನ ಲಿಪಿ, ನಂಬರ್ ಪ್ಲೇಟು, ನೆರಳು ಬಿದ್ದ ದಿಕ್ಕು, ಹವಾಮಾನ ನೋಡಿ. ಸುಳ್ಳು ಅಂತ ಗೊತ್ತಾದರೂ ಅಳಿಸಬೇಡಿ. ‘ಸುಳ್ಳು’ ಎಂಬ ಬೇರೆ ಫೋಲ್ಡರಿಗೆ ಹಾಕಿ, ಎಲ್ಲಿಂದ ಬಂತು ಅಂತ ಬರೆಯಿರಿ. ಯಾವ ಸುಳ್ಳು ಹರಡಿತ್ತು ಎಂಬುದೂ ಆ ಯುದ್ಧದ ಚರಿತ್ರೆಯೇ.

ಮಳೆಗಾಲ ದಾಟಿಸುವುದು

ಆಟಿ ತಿಂಗಳಲ್ಲಿ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಕ್ಯಾಮೆರಾದ ಲೆನ್ಸಿನೊಳಗೂ ಬೂಷ್ಟು. ಹಾರ್ಡ್ ಡಿಸ್ಕಿಗೆ ಮಾತ್ರ ಏನೂ ಆಗದು ಎಂದರೆ ಹೇಗೆ? ಮೂರು ಪ್ರತಿ ಇಡಿ. ಎರಡು ಬೇರೆ ಬೇರೆ ಬಗೆಯ ವಸ್ತುವಿನಲ್ಲಿ, ಒಂದು ಬೇರೆ ಊರಿನಲ್ಲಿ. ನಮ್ಮದು ಒಂದು ಹಾರ್ಡ್ ಡಿಸ್ಕ್ ಅಕ್ಕನ ಮನೆಯಲ್ಲಿ, ಒಂದು ಅವರ ಅಣ್ಣನ ಬೆಂಗಳೂರಿನ ಮನೆಯಲ್ಲಿ, ಇನ್ನೊಂದು ಪಾಸ್‌ವರ್ಡಿನ ಬೀಗ ಹಾಕಿದ ಜಿಪ್ ಆಗಿ ಕ್ಲೌಡಿನಲ್ಲಿ. ಮಂಗಳೂರಿನಲ್ಲೊಂದು, ಉಡುಪಿಯಲ್ಲೊಂದು ಇಟ್ಟರೆ ಸಾಲದು, ಎರಡು ಊರಿಗೂ ಅದೇ ಮಳೆ, ಅದೇ ಕಡಲು.

ಪೆನ್ ಡ್ರೈವನ್ನು ನಂಬಬೇಡಿ. ವರ್ಷಗಟ್ಟಲೆ ಕರೆಂಟು ತಾಗದೆ ಬಿದ್ದಿದ್ದರೆ ಅದರೊಳಗಿನದ್ದು ಸೋರಿ ಹೋಗಬಹುದು. ಹಾರ್ಡ್ ಡಿಸ್ಕನ್ನು ಹಪ್ಪಳ ಹಾಕಿಡುವಂಥ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಬಣ್ಣ ಬದಲಾಗುವ ಜೆಲ್ ಸಿಗುತ್ತದೆ, ಬಣ್ಣ ಬದಲಾದರೆ ತೇವ ಕುಡಿದಿದೆ ಅಂತ, ಹೊಸದು ಹಾಕಿ. ಸಿಡಿಲಿನ ಹೊತ್ತಲ್ಲಿ ಡಿಸ್ಕು ಪ್ಲಗ್ಗಿನಲ್ಲಿ ಇರಬಾರದು.

ವರ್ಷಕ್ಕೆ ಎರಡು ಸಲ, ನಾವು ಯುಗಾದಿ-ದೀಪಾವಳಿ ಅಂತ ಇಟ್ಟುಕೊಂಡಿದ್ದೇವೆ, ಡಿಸ್ಕ್ ತೆರೆದು ನಾಲ್ಕಾರು ಫೈಲಿನ ಹ್ಯಾಶ್ ತೆಗೆದು ರಿಜಿಸ್ಟರಿಗೆ ತಾಳೆ ನೋಡಿ. ಐದು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ಕಾಪಿ ಮಾಡಿ. ತಾಳೆಗರಿಯ ಕಾಲದಲ್ಲೂ ಇದೇ ಕ್ರಮ. ಗರಿ ಗಟ್ಟಿ ಅಂತ ಗ್ರಂಥ ಉಳಿಯಲಿಲ್ಲ, ಹಳೆಯದು ಪುಡಿಯಾಗುವ ಮೊದಲು ಯಾರೋ ಕೂತು ಇನ್ನೊಂದು ಪ್ರತಿ ಬರೆದರು.

ಕೋರ್ಟಿಗೆ ಬೇಕಾದರೆ

ನಮ್ಮ ದೇಶದ ಕೋರ್ಟಿಗೆ ಡಿಜಿಟಲ್ ದಾಖಲೆ ಕೊಡಬೇಕಾದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ನೋಡಬೇಕು. ಹಿಂದಿನ ಸಾಕ್ಷ್ಯ ಕಾಯ್ದೆಯ 65ಬಿ ಸೆಕ್ಷನ್ ಇದ್ದ ಜಾಗಕ್ಕೆ ಬಂದದ್ದು. ಅದರ ಪ್ರಮಾಣಪತ್ರದಲ್ಲಿ ಎರಡು ಭಾಗ. ಒಂದಕ್ಕೆ ಸಾಧನ ಯಾರ ಬಳಿ ಇತ್ತೋ ಅವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಹ್ಯಾಶ್ ಬರೆಯುವ ಜಾಗ ಅದರಲ್ಲೇ ಇದೆ. ರಿಜಿಸ್ಟರ್ ಇಟ್ಟವರಿಗೆ ಅರ್ಧ ಕೆಲಸ ಮುಗಿದಿರುತ್ತದೆ. ಉಳಿದದ್ದಕ್ಕೆ ವಕೀಲರನ್ನು ಕೇಳಿ.

ಭಾರತ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟಿನ ಸದಸ್ಯ ಅಲ್ಲ. ಆದರೂ ಅದರ ಪ್ರಾಸಿಕ್ಯೂಟರ್ ಕಚೇರಿಗೆ ಮಾಹಿತಿ ಕಳಿಸಲು 2023ರಿಂದ ಆನ್‌ಲೈನ್ ವ್ಯವಸ್ಥೆ ಇದೆ. ಹೆಚ್ಚು ಓದುವವರಿಗೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯ 2020ರಲ್ಲಿ ತಂದ ಬರ್ಕ್ಲಿ ಪ್ರೋಟೋಕಾಲ್, ಅಂದರೆ ನೆಟ್ಟಿನಲ್ಲಿ ಸಿಗುವ ಸಾಕ್ಷಿಯ ಬಗ್ಗೆ ಮಾರ್ಗಸೂಚಿ, ಇದೆ. ಇನ್ನೊಂದು, 2022ರಲ್ಲಿ ಆ ಕೋರ್ಟಿನ ಪ್ರಾಸಿಕ್ಯೂಟರ್ ಕಚೇರಿ ಮತ್ತು ಯುರೋಜಸ್ಟ್ (ಕ್ರಿಮಿನಲ್ ಮೊಕದ್ದಮೆಗಳಲ್ಲಿ ಸಹಕಾರಕ್ಕಿರುವ ಯುರೋಪಿಯನ್ ಒಕ್ಕೂಟದ ಸಂಸ್ಥೆ) ಸೇರಿ ಸಂಘಟನೆಗಳಿಗಾಗಿ ಬರೆದ ಮಾರ್ಗಸೂಚಿ. ಅದರಲ್ಲಿ ನನಗೆ ತಟ್ಟಿದ್ದು ಒಂದು ಎಚ್ಚರಿಕೆ: ನೊಂದವರನ್ನು ಕೂರಿಸಿಕೊಂಡು ನೀವೇ ವಿವರವಾದ ಹೇಳಿಕೆ ಪಡೆಯಲು ಹೋಗಬೇಡಿ. ಒಬ್ಬರಾದ ಮೇಲೊಬ್ಬರು ಕೇಳಿದರೆ ಗಾಯ ಕೆದಕಿದಂತೆ. ಪ್ರತಿ ಸಲವೂ ಮಾತು ಸ್ವಲ್ಪ ಬದಲಾಗಿ ಸಾಕ್ಷಿಯೂ ಸಡಿಲವಾಗುತ್ತದೆ.

ಎತ್ತಿಡುವ ನಿಮ್ಮ ಮನಸ್ಸಿನ ಬಗ್ಗೆಯೂ ನಿಗಾ ಇರಲಿ. ಘೋರ ದೃಶ್ಯ ಇದ್ದರೆ ಮೊದಲ ಸಲ ಸೌಂಡ್ ಆಫ್ ಮಾಡಿ, ಕಿಟಕಿ ಸಣ್ಣದು ಮಾಡಿ ನೋಡಿ. ರಾತ್ರಿ ಒಬ್ಬರೇ ಕೂತು ನೋಡಬೇಡಿ. ನನ್ನ ಅನುಭವದಲ್ಲಿ ಚಿತ್ರಕ್ಕಿಂತ ಶಬ್ದವೇ ಜಾಸ್ತಿ ದಿನ ಕಾಡುತ್ತದೆ.

ಯಾರದ್ದು, ಯಾರನ್ನು ಕೇಳಬೇಕು

ಫೈಲು ನಿಮ್ಮ ಡಿಸ್ಕಿನಲ್ಲಿದೆ ಅಂದ ಮಾತ್ರಕ್ಕೆ ನಿಮ್ಮದಲ್ಲ. ಮುಖ ಕಾಣುವವರು, ದನಿ ಕೇಳುವವರು ಯಾರೋ ಅವರನ್ನು ಕೇಳಿ. ಅಲ್ಲಿ ಇನ್ನೂ ಉಳಿದಿರುವವರ ಮುಖ, ಮನೆ, ಬೀದಿ ಹೊರಗೆ ಹೋದರೆ ಅವರಿಗೆ ತೊಂದರೆ ಬರಬಹುದು. ಯಾರಿಗಾದರೂ ತೋರಿಸುವ ಪ್ರತಿಯಲ್ಲಿ ಮುಖ ಮಸುಕು ಮಾಡಿ, ಮೂಲದಲ್ಲಿ ಮಾಡಬೇಡಿ. ಒಪ್ಪಿಗೆ ಸಿಕ್ಕಿದ್ದನ್ನು ಮೂರು ಬಗೆ ಮಾಡಿ ಬರೆಯಿರಿ: ಎಲ್ಲರಿಗೂ, ಮನೆಯವರಿಗೆ ಮಾತ್ರ, ಯಾರಿಗೂ ಇಲ್ಲ. ಇವತ್ತು ಹೂಂ ಎಂದವರು ನಾಳೆ ಬೇಡ ಎನ್ನಬಹುದು, ಅದಕ್ಕೂ ಒಂದು ಕಾಲಂ ಇರಲಿ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಕವರ್ ಮುಚ್ಚಿ, ಜಾಗದ ಪತ್ರ ಇಡುವ ಕಪಾಟಿನಲ್ಲೇ ಇಡಿ. ನಿಮ್ಮ ನಂತರ ಯಾರು ತೆರೆಯಬೇಕು ಅಂತ ಕವರಿನ ಮೇಲೆ ಹೆಸರು ಹಾಕಿ.

ಹುಡುಗಿ ಈಗ ಡಾಕ್ಟರು. ರಜೆಯಲ್ಲಿ ಬಂದಾಗ ಹನ್ನೊಂದು ಫೈಲನ್ನೂ ಒಂದೊಂದಾಗಿ ತೋರಿಸಿ ಕೇಳಿದೆ. ಸಂಖ್ಯೆ 7ರ ದನಿಯನ್ನು ಮನೆಯವರಿಗೆ ಮಾತ್ರ ಕೇಳಿಸಿ ಎಂದಳು. ನಾಲ್ಕನ್ನು ಎಲ್ಲರಿಗೂ ತೋರಿಸಬಹುದು ಎಂದಳು. ಸಂಖ್ಯೆ 9 ಬಂದಾಗ ಮೂರು ಸೆಕೆಂಡು ಕೇಳಿ ಕೈ ಎತ್ತಿದಳು. ‘ಅಣ್ಣಾ, ಇದನ್ನು ಅಳಿಸಬೇಡಿ. ಆದರೆ ಅಮ್ಮ ಇರುವಷ್ಟು ದಿನ ಯಾರೂ ಹಾಕಬೇಡಿ.’

ಅದರಲ್ಲಿ ಏನಿದೆ ಅಂತ ನಾನು ಕೇಳಲಿಲ್ಲ. ರಿಜಿಸ್ಟರಿನಲ್ಲಿ ಅದರ ಮುಂದೆ ಹ್ಯಾಶ್ ಇದೆ, ತಾರೀಕು ಇದೆ. ಭಾಷೆಯ ಕಾಲಂ ಖಾಲಿ. ಒಪ್ಪಿಗೆಯ ಕಾಲಂನಲ್ಲಿ ಅವಳದೇ ಕೈಬರಹ: ‘ಉಂಟು. ಈಗ ಬೇಡ.’